ಸಣ್ಣ ವಿಮಾನದ ದೊಡ್ಡ ನಿರ್ಧಾರ: ಹಿಂದೆ ತಿರುಗುವುದು

2004ರ ಎಪ್ರಿಲ್ 17ರಂದು ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಿಂದ ನಾಲ್ಕು ಮಂದಿಯನ್ನು ಹೊತ್ತ ಒಂದು ಸೆಸ್ನಾ 180 ವಿಮಾನ ಮೇಲೇರಿತು. ಅದು ಹೋಗಬೇಕಾಗಿದ್ದುದು ಆಗಿನ ಆಂಧ್ರಪ್ರದೇಶದ ಕರೀಂನಗರಕ್ಕೆ, ಲೋಕಸಭಾ ಚುನಾವಣೆಯ ಪ್ರಚಾರಕ್ಕೆ. ಕೆಲವೇ ನಿಮಿಷಗಳಲ್ಲಿ ಅದು ಪಕ್ಕದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ನಟಿ ಸೌಂದರ್ಯ, ಅವರ ಸಹೋದರ, ಪೈಲಟ್ ಮತ್ತು ಇನ್ನೊಬ್ಬ ಪ್ರಯಾಣಿಕ, ನಾಲ್ವರೂ ತೀರಿಕೊಂಡರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ನಿರ್ಮಿಸಿ, ನಟಿಸಿದ ಆ ಕಲಾವಿದೆಯ ‘ಆಪ್ತಮಿತ್ರ’ ಬಿಡುಗಡೆಯಾದದ್ದು ಅವರ ಮರಣದ ನಂತರ.

ಜಕ್ಕೂರಿನಿಂದ ಕರೀಂನಗರಕ್ಕೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ನಂದಿಬೆಟ್ಟ ಮತ್ತು ಚಿಕ್ಕಬಳ್ಳಾಪುರದ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಎಡಕ್ಕೆ ಗೌರಿಬಿದನೂರು, ಬಲಕ್ಕೆ ಶಿಡ್ಲಘಟ್ಟ, ಅದರಾಚೆ ಚಿಂತಾಮಣಿ. ಅಂದು ಈ ನಾಲ್ಕೂ ತಾಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಸೌಂದರ್ಯ ಅವರೂ ಅದೇ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು. ತನ್ನ ಜಿಲ್ಲೆಯ ಆಕಾಶ ಸೇರಲು ಆ ವಿಮಾನಕ್ಕೆ ಹತ್ತು ನಿಮಿಷದ ದಾರಿ ಸಾಕಾಗಿತ್ತು.

ಆ ಒಂದು ಅಪಘಾತದ ತಪ್ಪನ್ನು ಯಾರದೋ ತಲೆಗೆ ಕಟ್ಟುವುದು ಈ ಲೇಖನದ ಉದ್ದೇಶವಲ್ಲ. ನಾವು ನೋಡಹೊರಟಿರುವುದು ಬೇರೆ. ಸಣ್ಣ ವಿಮಾನಗಳು ಬೀಳುವಾಗ ಯಂತ್ರ ಕೆಟ್ಟಿತೆಂಬ ಮಾತು ಮೊದಲು ಕೇಳಿಬರುತ್ತದೆ. ಆದರೆ ಜಗತ್ತಿನ ಬೇರೆಬೇರೆ ಕಡೆಗಳ ತನಿಖಾ ವರದಿಗಳನ್ನು ತೆರೆದರೆ ಮತ್ತೆ ಮತ್ತೆ ಕಾಣಸಿಗುವುದು, ಯಂತ್ರ ಸರಿಯಿದ್ದಾಗಲೂ ಹಾರಬಾರದ ಹೊತ್ತಿನಲ್ಲಿ ಹಾರಿದ, ಹಿಂದಿರುಗಬೇಕಾದ ಜಾಗದಲ್ಲಿ ಹಿಂದಿರುಗದ ಮನುಷ್ಯನ ತೀರ್ಮಾನ. ಆ ತೀರ್ಮಾನ ಹೇಗೆ ಹುಟ್ಟುತ್ತದೆ, ಅದರಲ್ಲಿ ನೆಲದ ಮೇಲಿರುವವರ ಪಾಲೆಷ್ಟು ಎಂಬುದೇ ಇಲ್ಲಿಯ ಪ್ರಶ್ನೆ.

ಕರಾವಳಿಯ ಓದುಗರಿಗೆ ಬಯಲುಸೀಮೆಯ ಆಕಾಶದ ಗೊಡವೆ ಏಕೆ ಎಂದು ಕೇಳಬಹುದು. ಮೂಡುಬಿದಿರೆ ಕಡೆಯ ವೀರಪ್ಪ ಮೊಯಿಲಿಯವರನ್ನು ಎರಡು ಸಲ ಲೋಕಸಭೆಗೆ ಕಳುಹಿಸಿದ ಕ್ಷೇತ್ರ ಚಿಕ್ಕಬಳ್ಳಾಪುರ ಎಂಬ ನೆಂಟಸ್ತಿಕೆ ಇದ್ದೇ ಇದೆ. ಅದಕ್ಕಿಂತ ಮುಖ್ಯವಾದುದು, ನಮ್ಮ ಊರುಗಳ ಯುವಕ ಯುವತಿಯರೂ ಪೈಲಟ್ ಆಗುವ ಕನಸು ಕಾಣುತ್ತಿದ್ದಾರೆ, ಹೆತ್ತವರು ಸಾಲ ಮಾಡಿ ಹಾರಾಟದ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ. ಅವರೆಲ್ಲ ಮೊದಲು ಕೂರುವುದು ಇಂತಹ ಸಣ್ಣ ವಿಮಾನಗಳಲ್ಲೇ. ಮಾತ್ರವಲ್ಲ, ಹಿಂದೆ ತಿರುಗದ ತೀರ್ಮಾನದ ಬೆಲೆ ಎಷ್ಟೆಂದು 2010ರ ಮೇ 22ರ ಬಳಿಕ ಮಂಗಳೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಲೈಸನ್ಸ್ ಕೊಡುವುದೇನು, ಕೊಡದಿರುವುದೇನು

ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಲೈಸನ್ಸ್ ಪಡೆಯಲು 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕನಿಷ್ಠ 40 ಗಂಟೆ ಹಾರಿರಬೇಕು. ಸಂಬಳಕ್ಕೆ ಹಾರಿಸಬೇಕಾದರೆ ವಾಣಿಜ್ಯ ಲೈಸನ್ಸ್ ಬೇಕು, ಅದಕ್ಕೆ 200 ಗಂಟೆ. ಖಾಸಗಿ ಲೈಸನ್ಸ್ ಉಳ್ಳವನು ಹಣ ಪಡೆದು ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಸ್ನೇಹಿತರನ್ನು, ಮನೆಯವರನ್ನು ಕೂರಿಸಿಕೊಳ್ಳಬಹುದು. ಮೋಡದೊಳಗೆ ಉಪಕರಣಗಳ ಮುಳ್ಳುಗಳನ್ನು ಮಾತ್ರ ನೋಡಿ ಹಾರುವುದು ಇನ್ನೊಂದು ವಿದ್ಯೆ. ಅದಕ್ಕೆ ಬೇರೆಯೇ ತರಬೇತಿ, ಬೇರೆಯೇ ಅರ್ಹತೆ ಬೇಕು. 40 ಗಂಟೆಯವನಿಗೆ ಆ ವಿದ್ಯೆ ಇರುವುದಿಲ್ಲ. ಅವನು ಹಾರುವುದು ಕಣ್ಣಿನ ಬಲದ ಮೇಲೆ: ನೆಲ ಕಾಣಬೇಕು, ದಿಗಂತದ ಗೆರೆ ಕಾಣಬೇಕು.

ಆದುದರಿಂದಲೇ ಕಣ್ಣಿನ ಬಲದ ಹಾರಾಟಕ್ಕೆ ಸಾಮಾನ್ಯವಾಗಿ 5 ಕಿ.ಮೀ. ದೂರ ಕಾಣುವಷ್ಟು ಸ್ಪಷ್ಟತೆ ಇರಬೇಕೆಂದು ನಿಯಮವಿದೆ. ಕೇಳಲು ಇದು ಧಾರಾಳವಾಗಿ ತೋರುತ್ತದೆ. ಆದರೆ ಗಂಟೆಗೆ 200 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ 5 ಕಿ.ಮೀ. ಎಂದರೆ ಒಂದೂವರೆ ನಿಮಿಷ. ಎದುರಿನ ಬೆಟ್ಟ ಕಂಡ ಮೇಲೆ ಯೋಚಿಸಲು, ತಿರುಗಲು, ತಪ್ಪಾದರೆ ತಿದ್ದಲು ಇರುವ ಸಮಯ ಅಷ್ಟೇ.

ಜಕ್ಕೂರಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ, ದೇವನಹಳ್ಳಿಯಲ್ಲಿ, ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. 2008ರ ಮೇ ತಿಂಗಳಲ್ಲಿ ತೆರೆದ ಈ ನಿಲ್ದಾಣದ ಒಂದು ರನ್‌ವೇಗೆ 2020ರ ಕೊನೆಯಲ್ಲಿ ಅತ್ಯುನ್ನತ ದರ್ಜೆಯ ಮಂಜಿನ ವ್ಯವಸ್ಥೆ ಬಂತು; 50 ಮೀಟರ್ ಕಂಡರೂ ಸಾಕು, ದೊಡ್ಡ ವಿಮಾನ ಇಳಿಯಬಹುದು. ಒಂದೇ ಆಕಾಶ, ಒಂದೇ ಮಂಜು; ಒಬ್ಬನಿಗೆ 50 ಮೀಟರ್, ಇನ್ನೊಬ್ಬನಿಗೆ 5,000 ಮೀಟರ್. ತಲೆಯ ಮೇಲೆ ಏರ್‌ಬಸ್‌ಗಳು ಸರಾಗವಾಗಿ ಹೋಗಿ ಬರುತ್ತಿರುವಾಗ ತಾನು ನೆಲದ ಮೇಲೆ ಕಾಯುತ್ತ ಕೂರುವುದು ಯುವ ಪೈಲಟ್‌ಗೆ ಅವಮಾನದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರಲ್ಲಿರುವ ಯಂತ್ರ, ತರಬೇತಿ, ಪಕ್ಕದ ಸೀಟಿನ ಇನ್ನೊಬ್ಬ ಪೈಲಟ್ ತನ್ನಲ್ಲಿಲ್ಲ ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸುವವರು ಬೇಕು.

ಎತ್ತರದ ಲೆಕ್ಕವೂ ಇದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಬೇಸಗೆಯಲ್ಲಿ ಉಷ್ಣತೆ 34 ಡಿಗ್ರಿಗೆ ಏರಿದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಎಂಜಿನ್‌ಗೂ ರೆಕ್ಕೆಗೂ ತಾವು 6,000 ಅಡಿ ಎತ್ತರದಲ್ಲಿ ಇದ್ದಂತೆಯೇ. ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ. ನಾಲ್ಕು ಸೀಟಿನ ವಿಮಾನವೆಂದು ನಾಲ್ಕು ಮಂದಿ ದೊಡ್ಡವರನ್ನು ಕೂರಿಸಿ, ಟ್ಯಾಂಕ್ ತುಂಬಿಸಿ, ಚೀಲಗಳನ್ನೂ ಇಟ್ಟರೆ ಅನೇಕ ಸಣ್ಣ ವಿಮಾನಗಳು ತೂಕದ ಮಿತಿ ಮೀರುತ್ತವೆ. “ನೀವೊಬ್ಬರು ಇಳಿಯಿರಿ” ಎಂದು ಅತಿಥಿಗೆ ಹೇಳುವ ದಾಕ್ಷಿಣ್ಯ ಮುರಿಯುವುದು ಕೂಡ ಪೈಲಟ್‌ನ ಕೆಲಸವೇ. ನಮ್ಮ ಸಮಾಜದಲ್ಲಿ ಇದು ಎಷ್ಟು ಕಷ್ಟವೆಂದು ಮದುವೆಗೆ ಹೊರಟ ಕಾರಿಗೆ ಏಳು ಮಂದಿ ಹತ್ತುವುದನ್ನು ನೋಡಿದವರಿಗೆಲ್ಲ ಗೊತ್ತು.

ನಂದಿಬೆಟ್ಟದ ಆಚೆ ಬೆಳಕಿದೆ ಎಂಬ ನಂಬಿಕೆ

ಒಂದು ಹಾರಾಟವನ್ನು ಊಹಿಸೋಣ. ಜುಲಾಯಿ ತಿಂಗಳ ಒಂದು ಶನಿವಾರ. ಖಾಸಗಿ ಲೈಸನ್ಸ್ ಪಡೆದು ವರ್ಷ ತುಂಬದ ಒಬ್ಬ ಯುವಕ ಇಬ್ಬರು ಗೆಳೆಯರನ್ನು ಕರೆದುಕೊಂಡು ಜಕ್ಕೂರಿನಿಂದ ಪುಟ್ಟಪರ್ತಿಯ ವಿಮಾನ ನಿಲ್ದಾಣಕ್ಕೆ ಹೋಗಿ ಬರಲು ಅನುಮತಿ ಪಡೆದಿದ್ದಾನೆ. ದೂರ ಸುಮಾರು 120 ಕಿ.ಮೀ., ನಲವತ್ತು ನಿಮಿಷದೊಳಗಿನ ಹಾರಾಟ. ಗೆಳೆಯರು ತಿಂಗಳಿನಿಂದ ಕಾದಿದ್ದಾರೆ, ಒಬ್ಬ ಇದಕ್ಕಾಗಿಯೇ ರಜೆ ಹಾಕಿದ್ದಾನೆ. ಬೆಳಿಗ್ಗೆ ಮೋಡವಿತ್ತು, ಒಂಬತ್ತರ ಹೊತ್ತಿಗೆ ಜಕ್ಕೂರಿನ ಮೇಲೆ ತುಸು ಬೆಳಕಾಯಿತು. ಹೊರಟರು.

ದೇವನಹಳ್ಳಿ ದಾಟುವಾಗ ಮುಂದೆ ನಂದಿಬೆಟ್ಟ ಕಾಣುವುದಿಲ್ಲ. 1,478 ಮೀಟರ್ ಎತ್ತರದ ಆ ಬೆಟ್ಟ ಮುಂಗಾರಿನಲ್ಲಿ ಮೋಡ ಹೊದ್ದು ನಿಲ್ಲುವುದು ಹೊಸತೇನಲ್ಲ, ಅದನ್ನು ನೋಡಲೆಂದೇ ಜನ ಬೈಕಿನಲ್ಲಿ ನಸುಕಿಗೆ ಹೋಗುತ್ತಾರೆ. ನೆಲದಿಂದ ಸುಂದರವಾದದ್ದು ಗಾಳಿಯಿಂದ ಸುಂದರವಲ್ಲ. ಆ ಮೋಡದ ಬುಡ ಎಲ್ಲಿ, ಬೆಟ್ಟದ ಬಂಡೆ ಎಲ್ಲಿ ಎಂದು ತಿಳಿಯುವುದಿಲ್ಲ. ಪಕ್ಕದಲ್ಲೇ ಸ್ಕಂದಗಿರಿ ಇದೆ, ಬ್ರಹ್ಮಗಿರಿ ಇದೆ.

ಇಲ್ಲಿ ಅವನ ಮುಂದೆ ಮೂರು ದಾರಿಗಳಿವೆ. ಹಿಂದೆ ತಿರುಗಬಹುದು, ಜಕ್ಕೂರು ಹತ್ತು ನಿಮಿಷ. ಬಲಕ್ಕೆ ಹೊರಳಿ ಶಿಡ್ಲಘಟ್ಟದ ಬಯಲಿನ ಮೇಲೆ ಸುತ್ತುಬಳಸಿ ಹೋಗಬಹುದು. ಅಲ್ಲಿಯೂ ಮೋಡ ಇಳಿದರೆ ಮುಂದೆ ಚಿಂತಾಮಣಿಯ ಸುತ್ತ ಅಂಬಾಜಿದುರ್ಗ, ಕೈವಾರದ ಬೆಟ್ಟಗಳಿವೆ. ಮೂರನೆಯದು ಅತ್ಯಂತ ಆಕರ್ಷಕವಾದುದು: ಬೆಟ್ಟಗಳ ಎಡ ಮಗ್ಗುಲಿನಿಂದ ಮೋಡದ ಕೆಳಗೆ ನುಸುಳಿ ಗೌರಿಬಿದನೂರಿನ ಕಡೆಗೆ ಇಳಿಯುವುದು. ಏಕೆಂದರೆ ಆ ಕಡೆ ನೆಲವೇ ತಗ್ಗಾಗುತ್ತದೆ. ಚಿಕ್ಕಬಳ್ಳಾಪುರ 900 ಮೀಟರ್‌ಗಿಂತ ಮೇಲಿದ್ದರೆ ಉತ್ತರ ಪಿನಾಕಿನಿಯ ದಂಡೆಯ ಗೌರಿಬಿದನೂರು ಸುಮಾರು 700 ಮೀಟರ್. ಮೋಡ ಅದೇ ಎತ್ತರದಲ್ಲಿ ನಿಂತಿದ್ದರೂ ಅದರ ಕೆಳಗೆ ಜಾಗ ಹೆಚ್ಚುತ್ತದೆ. “ಬೆಟ್ಟ ದಾಟಿದರೆ ಸಾಕು, ಆಕಾಶ ತೆರೆಯುತ್ತದೆ.” ಈ ಲೆಕ್ಕ ಸುಳ್ಳೂ ಅಲ್ಲ. ಹತ್ತರಲ್ಲಿ ಎಂಟು ಸಲ ಅದು ನಿಜವೇ ಆಗಬಹುದು. ಅಪಾಯ ಇರುವುದು ಅಲ್ಲಿಯೇ. ಒಮ್ಮೆ ನುಸುಳಿ ಪಾರಾದವನು ಅದನ್ನು ತನ್ನ ಅದೃಷ್ಟವೆಂದು ಬರೆದುಕೊಳ್ಳುವುದಿಲ್ಲ, ಅನುಭವವೆಂದು ಬರೆದುಕೊಳ್ಳುತ್ತಾನೆ. ಮುಂದಿನ ಸಲ ಇನ್ನೂ ಸ್ವಲ್ಪ ಕೆಳಗಿನ ಮೋಡಕ್ಕೂ ಅವನು ಅಂಜುವುದಿಲ್ಲ.

ನುಸುಳುತ್ತ ಕೆಳಗಿಳಿದಂತೆ ಆಯ್ಕೆಗಳು ಕಡಿಮೆಯಾಗುತ್ತವೆ. ತಿರುಗಲು ಎರಡೂ ಕಡೆ ಅಗಲ ಬೇಕು, ಅದು ಕಿರಿದಾಗುತ್ತದೆ. ರೇಡಿಯೊ ಮಾತು ಕೆಳಮಟ್ಟದಲ್ಲಿ ಕಡಿದುಹೋಗಬಹುದು. ವಿದ್ಯುತ್ ಗೋಪುರಗಳ ತಂತಿ ಕೊನೆಯ ಕ್ಷಣದವರೆಗೆ ಕಾಣುವುದಿಲ್ಲ. ಒಂದು ಸತ್ಯವನ್ನು ಅನುಭವಿ ಶಿಕ್ಷಕರು ಹೇಳುತ್ತಾರೆ, ಆದರೆ ಕೇಳುವವರು ಕಡಿಮೆ: ಎಂಜಿನ್ ಸರಿಯಾಗಿ ಓಡುತ್ತಿರುವಾಗಲೇ ಒಂದು ಒಳ್ಳೆಯ ಹೊಲವನ್ನು ಆರಿಸಿ ಇಳಿಸಿಬಿಡುವುದು ನಾಚಿಕೆಯ ಕೆಲಸವಲ್ಲ. ಆದರೆ ಹೊಲ ಆರಿಸಲೂ ಊರಿನ ಪರಿಚಯ ಬೇಕು. ಚಿಕ್ಕಬಳ್ಳಾಪುರದ ಸುತ್ತ ಮೇಲಿನಿಂದ ಹಸುರು ಚಾಪೆಯಂತೆ ಕಾಣುವುದು ದ್ರಾಕ್ಷಿ ಚಪ್ಪರ. ಅದರ ಕೆಳಗೆ ಕಲ್ಲುಕಂಬ, ಮೇಲೆ ತಂತಿ. ಅಲ್ಲಿಳಿಯುವುದು ಈಟಿಗಳ ಮೇಲೆ ಇಳಿದಂತೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ ಅದಕ್ಕಿಂತ ಎಷ್ಟೋ ಮೆದು, ಕೊಯ್ಲಾದ ರಾಗಿ ಹೊಲ ಇನ್ನೂ ಮೇಲು. ಹಿಂದೆ ಒಣಗಿ ಮೈದಾನದಂತಿದ್ದ ಹಲವು ಕೆರೆಗಳಲ್ಲಿ ಈಗ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ನಿಂತಿದೆ. ಹಳೆಯ ನೆನಪಿನ ಮೇಲೆ ಕೆರೆಯಂಗಳ ನಂಬಿಕೊಂಡು ಬಂದವನಿಗೆ ಅಲ್ಲಿ ನೀರು ಕಾಣುತ್ತದೆ.

ಇಂತಹ ಇಳಿಸುವಿಕೆ ಬರೀ ಪುಸ್ತಕದ ಮಾತಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ಬಳಿ ತಾಂತ್ರಿಕ ತೊಂದರೆಗೆ ಸಿಕ್ಕಿದ ಎರಡು ಸೀಟಿನ ತರಬೇತಿ ವಿಮಾನವನ್ನು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಸಲಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅಂದು ತೊಂದರೆ ಕೊಟ್ಟದ್ದು ಯಂತ್ರ, ಉಳಿಸಿದ್ದು ತೀರ್ಮಾನ.

ಮೋಡದೊಳಗೆ ಮೂರು ನಿಮಿಷ

ನುಸುಳುವವನು ಕೊನೆಗೆ ಮೋಡದೊಳಗೇ ಹೊಕ್ಕರೆ ಆಗುವುದೇನು? ನಮ್ಮ ಕಿವಿಯೊಳಗಿನ ಸಮತೋಲನದ ಅಂಗ ನೆಲಕ್ಕೆ ಹೇಳಿ ಮಾಡಿಸಿದ್ದು. ಕಣ್ಣಿಗೆ ದಿಗಂತ ಕಾಣದಾದಾಗ ಅದು ಸುಳ್ಳು ಹೇಳತೊಡಗುತ್ತದೆ. ವಿಮಾನ ಮೆಲ್ಲಗೆ ಒಂದು ಬದಿಗೆ ವಾಲಿ ಸುತ್ತುತ್ತ ಕೆಳಗಿಳಿಯುತ್ತಿದ್ದರೂ ಪೈಲಟ್‌ಗೆ ತಾನು ನೇರ ಹೋಗುತ್ತಿದ್ದೇನೆಂದೇ ಅನಿಸುತ್ತದೆ. ಎತ್ತರ ಕಡಿಮೆಯಾಗುತ್ತಿದೆ ಎಂದು ಕೋಲನ್ನು ಹಿಂದಕ್ಕೆ ಎಳೆಯುತ್ತಾನೆ. ವಾಲಿದ ವಿಮಾನ ಇನ್ನೂ ಬಿಗಿಯಾಗಿ ಸುತ್ತುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳ ತರಬೇತಿ ಇಲ್ಲದ 20 ಮಂದಿ ಪೈಲಟ್‌ಗಳನ್ನು ಇಂತಹ ಸ್ಥಿತಿಗೆ ಒಡ್ಡಿ ಪರೀಕ್ಷಿಸಲಾಯಿತು. ಇಪ್ಪತ್ತೂ ಮಂದಿ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷವೂ ಅಲ್ಲ.

1999ರ ಜುಲಾಯಿ 16ರ ರಾತ್ರಿ ಅಮೆರಿಕದ ಮಾಜಿ ಅಧ್ಯಕ್ಷರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತನ್ನ ಪತ್ನಿ ಮತ್ತು ನಾದಿನಿಯನ್ನು ಕೂರಿಸಿಕೊಂಡು ಸ್ವಂತ ವಿಮಾನದಲ್ಲಿ ಹೊರಟರು. ಖಾಸಗಿ ಲೈಸನ್ಸ್, ಸುಮಾರು 300 ಗಂಟೆಯ ಅನುಭವ, ಉಪಕರಣಗಳ ಅರ್ಹತೆ ಇಲ್ಲ. ಮರುದಿನ ಬಂಧುವಿನ ಮದುವೆ. ಹೊರಡುವುದು ತಡವಾಗಿ ಕತ್ತಲಾಗಿತ್ತು, ಸಮುದ್ರದ ಮೇಲೆ ಮಬ್ಬು ಕವಿದಿತ್ತು. ಜೊತೆಗೆ ಬರುತ್ತೇನೆಂದ ಶಿಕ್ಷಕ ಪೈಲಟ್‌ಗೆ, ಒಬ್ಬನೇ ಹೋಗಬೇಕೆಂದಿದ್ದೇನೆ ಎಂದರು. ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. ಕತ್ತಲಲ್ಲಿ, ನೀರಿನ ಮೇಲೆ, ದಿಕ್ಕಿನ ಪ್ರಜ್ಞೆ ತಪ್ಪಿ ವಿಮಾನದ ಹಿಡಿತ ಹೋಯಿತೆಂದು ತನಿಖೆ ಹೇಳಿತು.

2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವರ 13ರ ಹರೆಯದ ಮಗಳು ಸೇರಿ ಒಂಬತ್ತು ಮಂದಿ ಸತ್ತ ಹೆಲಿಕಾಪ್ಟರ್ ದುರಂತ ಇನ್ನೂ ಹೆಚ್ಚು ಯೋಚಿಸುವಂತೆ ಮಾಡುತ್ತದೆ. ಅಲ್ಲಿ ಪೈಲಟ್ ಹೊಸಬನಲ್ಲ, ಸಾವಿರಾರು ಗಂಟೆಗಳ ಅನುಭವಿ. ಕಣ್ಣಿನ ಬಲದ ಹಾರಾಟವನ್ನು ಮೋಡದೊಳಗೆ ಮುಂದುವರಿಸಿದ್ದೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ 2021ರಲ್ಲಿ ಹೇಳಿತು. ಬೇಗ ಕರೆದೊಯ್ಯಿ ಎಂದು ಪ್ರಯಾಣಿಕರಾಗಲೀ ಕಂಪೆನಿಯಾಗಲೀ ಒತ್ತಡ ಹಾಕಿದ್ದಕ್ಕೆ ಮಂಡಳಿಗೆ ಸಾಕ್ಷ್ಯ ಸಿಗಲಿಲ್ಲ. ಒತ್ತಡ ಪೈಲಟ್‌ನೊಳಗೇ ಹುಟ್ಟಿತ್ತು. ನೆಚ್ಚಿನ ಗಿರಾಕಿಯನ್ನು ನಿರಾಶೆಗೊಳಿಸಬಾರದು ಎಂಬ ಪ್ರೀತಿ, ಹಿಡಿದ ಯೋಜನೆಯನ್ನು ಬಿಡಲಾರದ ಹಟ, ಎರಡೂ ಕೂಡಿದವು.

ಈ ವಿಷಯವನ್ನು ಕಲಿಸುವ ಪಠ್ಯಗಳು ಪೈಲಟ್‌ಗಳಲ್ಲಿ ಕಾಣುವ ಐದು ಅಪಾಯಕಾರಿ ಮನೋಭಾವಗಳನ್ನು ಹೆಸರಿಸುತ್ತವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಏನಾದರೂ ಮಾಡು, ಬೇಗ ಮಾಡು, ನನಗೆ ಎಂತ ಆಗುವುದಿಲ್ಲ ಮಾರಾಯ, ನೋಡ್ತಾ ಇರಿ, ಮಾಡಿ ತೋರಿಸ್ತೇನೆ, ಇನ್ನು ನಮ್ಮ ಕೈಯಲ್ಲೇನಿದೆ. 1980ರ ಜೂನ್ 23ರಂದು ದಿಲ್ಲಿಯ ಆಕಾಶದಲ್ಲಿ ತೀರಾ ಕೆಳಮಟ್ಟದಲ್ಲಿ ಕಸರತ್ತು ಮಾಡುತ್ತ ಬಿದ್ದ ಸಂಜಯ ಗಾಂಧಿಯವರ ವಿಮಾನದ ಸುದ್ದಿ ಓದಿದವರಿಗೆ ನಾಲ್ಕನೆಯದನ್ನು ವಿವರಿಸಬೇಕಾಗಿಲ್ಲ. ನಮಗೆ ಹೆಚ್ಚು ಕಳವಳ ಹುಟ್ಟಿಸುವುದು ಐದನೆಯದು, ಏಕೆಂದರೆ ನಮ್ಮಲ್ಲಿ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. “ದೇವರಿದ್ದಾನೆ, ಹೋಗೋಣ” ಎನ್ನುವ ಮಾತು ಕೇಳಲು ವಿಶ್ವಾಸದ ಮಾತು. ದೇವಾಲಯದ ತುದಿಯಿಂದ ಕೆಳಗೆ ಧುಮುಕು, ದೂತರು ಹಿಡಿಯುತ್ತಾರೆ ಎಂದು ಯೇಸುವಿಗೆ ಹೇಳಿದವನು ಯಾರೆಂಬುದನ್ನು ಸುವಾರ್ತೆ ಓದುವವರು ಮರೆಯಬಾರದು.

ಕೆಳಗೆ ಕಾಯುತ್ತಿರುವವರು

ನಮ್ಮ ದೇಶದ ಮೂರು ದುರಂತಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. 2001ರ ಸೆಪ್ಟೆಂಬರ್ 30: ಕಾನ್ಪುರದ ಸಭೆಗೆ ಹೊರಟಿದ್ದ ಮಾಧವರಾವ್ ಸಿಂಧಿಯಾ ಅವರಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಮೈನ್‌ಪುರಿ ಬಳಿ ಬಿತ್ತು, ಎಂಟು ಸಾವು. 2002ರ ಮಾರ್ಚ್ 3: ಲೋಕಸಭಾ ಸ್ಪೀಕರ್ ಬಾಲಯೋಗಿಯವರ ಹೆಲಿಕಾಪ್ಟರ್ ಸರಿಯಾಗಿ ಕಾಣದ ಬೆಳಗಿನಲ್ಲಿ ಆಂಧ್ರದ ಕೈಕಲೂರಿನ ಮೀನುಕೆರೆಯಲ್ಲಿ ಮುಗಿಯಿತು. 2009ರ ಸೆಪ್ಟೆಂಬರ್ 2: ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಹೊರಟರು. ಚಿಂತಾಮಣಿಯಿಂದ ಪೂರ್ವಕ್ಕೆ ಹೋದರೆ ಸಿಗುವ ಗಡಿ ಅದೇ ಚಿತ್ತೂರಿನದಾಗಿತ್ತು. ದಾರಿಯಲ್ಲಿ ನಲ್ಲಮಲ ಕಾಡಿನ ಮೇಲೆ ಬಿರುಮಳೆಯ ಮೋಡ. ಐವರೂ ಸತ್ತರು. ಈ ಮೂರರಲ್ಲೂ ಪೈಲಟ್‌ಗಳು ವೃತ್ತಿಪರರು. ಮೂರರಲ್ಲೂ ಪ್ರಯಾಣಿಕರು ದೊಡ್ಡವರು, ಬಿಡುವಿಲ್ಲದವರು. ಸಿಂಧಿಯಾರಿಗೆ ಕಾನ್ಪುರದಲ್ಲಿ ಸಭೆಯಿತ್ತು, ರೆಡ್ಡಿಯವರಿಗೆ ಚಿತ್ತೂರಿನಲ್ಲಿ ಜನರೊಡನೆ ಮಾತುಕತೆಯಿತ್ತು.

ಪೆಂಡಾಲು ಹಾಕಿ, ಮೈಕು ಕಟ್ಟಿ, ಹತ್ತು ಸಾವಿರ ಜನರನ್ನು ಬಿಸಿಲಲ್ಲಿ ಕೂರಿಸಿದ ಸಂಘಟಕನಿಗೆ “ಹವೆ ಸರಿಯಿಲ್ಲ, ಬರುವುದಿಲ್ಲ” ಎಂದು ಹೇಳುವುದು ಯಾವ ಪೈಲಟ್‌ಗೂ ಸುಲಭವಲ್ಲ. ನಮ್ಮ ಕಾರ್ಯಕ್ರಮಗಳಲ್ಲಿಯೂ ಮುಖ್ಯ ಅತಿಥಿ ಅರ್ಧ ಗಂಟೆ ತಡವಾದರೆ ಎಷ್ಟು ಸಲ ಫೋನು ಹೋಗುತ್ತದೆ, “ಎಲ್ಲಿದ್ದೀರಿ, ಎಷ್ಟೊತ್ತಿಗೆ ಮುಟ್ಟುತ್ತೀರಿ” ಎಂದು! ಶಿರಾಡಿ ಘಾಟಿಯ ಮಳೆಯಲ್ಲಿ ಕಾರು ಓಡಿಸುತ್ತಿರುವ ಚಾಲಕನಿಗೂ ಆ ಫೋನು ಕೇಳಿಸುತ್ತದೆ. ಕೇಳುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಆದರೂ ಸ್ಟಿಯರಿಂಗ್ ಹಿಡಿದವನ ಮೇಲೆ ಅದು ಕೆಲಸ ಮಾಡುತ್ತದೆ.

ಕರಾವಳಿಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಒಳ್ಳೆಯ ಪರಂಪರೆ ಇದೆ. ಗಾಳಿಯ ಬಣ್ಣ ನೋಡಿ ದೋಣಿಯನ್ನು ಅರ್ಧ ದಾರಿಯಿಂದ ದಡಕ್ಕೆ ತಿರುಗಿಸಿದ ತಾಂಡೇಲನನ್ನು ಯಾರೂ ಹೇಡಿ ಎನ್ನುವುದಿಲ್ಲ. ಡೀಸೆಲ್ ಹಾಳಾಯಿತು ಎಂದು ಗೊಣಗುವವರು ಇರಬಹುದು, ಆದರೆ ಅವನ ಮಾತಿಗೆ ಎದುರು ಹೇಳುವುದಿಲ್ಲ. ಜೂನ್, ಜುಲಾಯಿ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುವುದನ್ನು ಇಡೀ ಊರು ಒಪ್ಪಿಕೊಂಡಿದೆ. ಸಣ್ಣ ವಿಮಾನದ ಲೋಕಕ್ಕೆ ಇಂತಹ ಒಪ್ಪಿಗೆ ಇನ್ನೂ ಬಂದಿಲ್ಲ. ಅಲ್ಲಿ ಹಿಂದೆ ಬಂದವನು ಕಾರಣ ಕೊಡಬೇಕು. ಹೋಗಿ ಮುಟ್ಟಿದವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅವನು ಹೇಗೆ ಹೋದ ಎಂದೂ ಕೇಳುವುದಿಲ್ಲ.

ಬಜ್ಪೆಯಲ್ಲಿ 2010ರ ಮೇ 22ರ ಬೆಳಿಗ್ಗೆ ನಡೆದದ್ದು ದೊಡ್ಡ ವಿಮಾನದ ಕತೆ. ಆದರೂ ಅದರ ತಿರುಳು ಇದೇ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಮಂದಿ ಇದ್ದರು. ಉಳಿದವರು ಎಂಟು ಮಂದಿ. ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದ ಕ್ಯಾಪ್ಟನ್, ಎತ್ತರವೂ ವೇಗವೂ ಮಿತಿಗಿಂತ ಹೆಚ್ಚಿದ್ದಾಗಲೇ ಇಳಿಸಲು ಹೊರಟರು. ಮಂಗಳೂರಿನಲ್ಲೇ ಮನೆ ಮಾಡಿಕೊಂಡಿದ್ದ ಸಹಪೈಲಟ್ ಮೂರು ಸಲ ಹೇಳಿದರು, ಇಳಿಸುವುದು ಬೇಡ, ಮೇಲೇರಿ ಮತ್ತೊಂದು ಸುತ್ತು ಬರೋಣ ಎಂದು. ವಿಮಾನ 2,450 ಮೀಟರ್ ರನ್‌ವೇಯಲ್ಲಿ 1,500 ಮೀಟರ್‌ಗೂ ಹೆಚ್ಚು ಕಳೆದ ಮೇಲೆ ನೆಲ ಮುಟ್ಟಿತು. ಮುಂದಿನದು ಕೆಂಜಾರಿನ ಕಮರಿ. ಆ ಸಹಪೈಲಟ್‌ನ ಮಾತು ಧ್ವನಿಮುದ್ರಣ ಪೆಟ್ಟಿಗೆಯಲ್ಲಿ ಉಳಿದದ್ದರಿಂದ ಜಗತ್ತಿಗೆ ತಿಳಿಯಿತು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಆ ಪೆಟ್ಟಿಗೆ ಇರುವುದಿಲ್ಲ, ಹೇಳುವ ಸಹಪೈಲಟ್ ಕೂಡ ಇರುವುದಿಲ್ಲ. ಪಕ್ಕದಲ್ಲಿ ಕೂತಿರುವುದು ಏನೂ ತಿಳಿಯದ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುವ ಗೆಳೆಯ.

ಅದರ ನಂತರದ ವರ್ಷಗಳಲ್ಲಿ, ಮತ್ತೊಂದು ಸುತ್ತು ಹೊಡೆದ ಪೈಲಟ್ ಮೇಲೆ ಕ್ರಮ ಕೈಗೊಳ್ಳುವುದಿಲ್ಲ ಎಂಬ ನೀತಿ ನಮ್ಮ ವಿಮಾನ ಕಂಪೆನಿಗಳಲ್ಲಿ ಗಟ್ಟಿಯಾಯಿತು. ಇಂಧನ ಖರ್ಚಾದರೆ ಆಗಲಿ. ಇದೇ ನೀತಿ ಫ್ಲೈಯಿಂಗ್ ಕ್ಲಬ್‌ಗಳಿಗೂ ಬಾಡಿಗೆ ವಿಮಾನಗಳಿಗೂ ಬರಬೇಕು. ಅಲ್ಲಿ ಹಾರಾಟದ ಗಂಟೆಗೆ ಹಣ ಎಣಿಸಲಾಗುತ್ತದೆ. ಹಿಂದೆ ಬಂದ ವಿದ್ಯಾರ್ಥಿ ಅರ್ಧ ಗಂಟೆಯ ಹಣವನ್ನೂ ಕಳೆದುಕೊಂಡು, ಗುರಿ ಮುಟ್ಟಿದ ಲೆಕ್ಕವನ್ನೂ ಕಳೆದುಕೊಳ್ಳುತ್ತಾನೆ. ಹವೆ ನೋಡಿ ಮರಳಿದ ಹಾರಾಟದ ಬಾಡಿಗೆಯಲ್ಲಿ ಒಂದು ಪಾಲನ್ನು ಕ್ಲಬ್ ಬಿಟ್ಟುಕೊಟ್ಟರೆ ಹತ್ತು ಉಪನ್ಯಾಸಗಳಿಗಿಂತ ಅದು ಹೆಚ್ಚು ಕಲಿಸೀತು ಎಂಬುದು ನಮ್ಮ ಅನಿಸಿಕೆ.

ಅಪಘಾತಗಳ ತನಿಖೆಗೆಂದೇ 2012ರಲ್ಲಿ ಕೇಂದ್ರ ಸರಕಾರ ವಿಮಾನ ಅಪಘಾತ ತನಿಖಾ ಬ್ಯೂರೊ ಸ್ಥಾಪಿಸಿತು. ತರಬೇತಿ ವಿಮಾನಗಳ ಅಪಘಾತಗಳ ವರದಿಗಳನ್ನೂ ಅದು ಪ್ರಕಟಿಸುತ್ತದೆ, ಇಂಗ್ಲಿಷಿನಲ್ಲಿ. ಜಕ್ಕೂರಿನ ಶಾಲೆ ರಾಜ್ಯ ಸರಕಾರದ್ದು, 1940ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಕಾಲಕ್ಕೆ ಹುಟ್ಟಿದ್ದು. ಅಲ್ಲಿ ಕಲಿಯಲು ಬರುವವರಲ್ಲಿ ಕನ್ನಡ ಶಾಲೆಗಳಿಂದ ಬಂದ ಮಕ್ಕಳೂ ಇರುತ್ತಾರೆ. ಆ ವರದಿಗಳ ಸಾರವನ್ನು ಕನ್ನಡದಲ್ಲಿ ಕೊಡುವುದು ಸರಕಾರಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ. ಮಗನನ್ನೋ ಮಗಳನ್ನೋ ಕಳುಹಿಸಿದ ತಾಯ್ತಂದೆಯರೂ ಓದುವಂತಾಗಬೇಕು. ಶಾಲೆ ಆರಿಸುವಾಗ ಹೆತ್ತವರು ಶುಲ್ಕ ಕೇಳುತ್ತಾರೆ, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಾರೆ. ಹವೆ ಕೆಟ್ಟ ದಿನ ಹಾರಾಟ ನಿಲ್ಲಿಸುವ ಅಧಿಕಾರ ಯಾರದು, ಮಗು ‘ಇವತ್ತು ಹಾರುವುದಿಲ್ಲ’ ಎಂದರೆ ಶಿಕ್ಷಕರು ಏನು ಹೇಳುತ್ತಾರೆ ಎಂದೂ ಕೇಳಬೇಕು. 2023ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ತರಬೇತಿ ವಿಮಾನಗಳು ಬಿದ್ದ ಮೇಲೆ, ಬೆಳಗಾವಿಯಲ್ಲೂ ಶಾಖೆಯಿದ್ದ ಆ ಸಂಸ್ಥೆಯ ತರಬೇತಿಯನ್ನು ವಿಮಾನಯಾನ ಮಹಾನಿರ್ದೇಶನಾಲಯ ತಡೆಹಿಡಿಯಿತು. ಇಂತಹ ಪ್ರಶ್ನೆಗಳು ಅದಕ್ಕೂ ಮೊದಲೇ ಕೇಳಬೇಕಾದವು.

ಯಾರಾದರೂ ಗೆಳೆಯ ಅಥವಾ ಬಂಧು ಸಣ್ಣ ವಿಮಾನದಲ್ಲಿ ಒಂದು ಸುತ್ತು ಬರೋಣ ಎಂದು ಕರೆದರೆ ಹೋಗಬಾರದೆಂದು ನಾವು ಹೇಳುವುದಿಲ್ಲ. ನಿಯಮ ಪಾಲಿಸಿ ದಿನನಿತ್ಯ ಹಾರಿ ಕ್ಷೇಮವಾಗಿ ಇಳಿಯುವವರೇ ಬಹುಮಂದಿ. ಹತ್ತುವ ಮೊದಲು ಎರಡು ಮಾತು ಕೇಳಿರಿ. ಒಟ್ಟು ತೂಕ ಎಷ್ಟಾಯಿತು, ಕಾಗದದಲ್ಲಿ ಬರೆದಿದ್ದೀಯಾ? ನಂದಿಬೆಟ್ಟದ ಮೇಲೆ ಮೋಡವಿದ್ದರೆ ಎಲ್ಲಿಂದ ಹಿಂದೆ ತಿರುಗುತ್ತೀ? ಎರಡನೆಯದಕ್ಕೆ ಊರಿನ ಹೆಸರು ಹೇಳಿ ಉತ್ತರ ಕೊಡಬೇಕು, ದೇವನಹಳ್ಳಿ ಎಂದೋ ಚಿಕ್ಕಬಳ್ಳಾಪುರ ಎಂದೋ. ‘ನೋಡೋಣ’ ಎಂದರೆ ಸಾಲದು. ಆಮೇಲೆ ನಿಮ್ಮ ಕಡೆಯಿಂದ ಒಂದು ಮಾತು ಅವನಿಗೆ ಹೇಳಿಬಿಡಿ: ಇವತ್ತು ಹೋಗದಿದ್ದರೂ ನಮಗೇನೂ ಬೇಸರವಿಲ್ಲ. ಹೇಗೂ ಜಕ್ಕೂರಿನಿಂದ ಚಿಕ್ಕಬಳ್ಳಾಪುರಕ್ಕೆ ರಸ್ತೆಯಲ್ಲಿ 45 ಕಿ.ಮೀ. ಮಾತ್ರ, ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ.